ಖಾಲಿ ಬರುತ್ತಿದ್ದ ಹರಿಗೋಲು

ಹೆಗ್ಗಡದೇವನಕೋಟೆ ಪೇಟೆಯಲ್ಲಿ ನನ್ನದು ಸೀಗೇಕಾಯಿ, ಹುಣಸೆಹಣ್ಣು, ಅಂಟುವಾಳದ ಮಂಡಿ. ಮೂರೂ ಸಿಗುವುದು ಹೊಳೆಯ ಆಚೆ, ಕಾಡಿನ ಕಡೆ. ಕೊಳ್ಳುವವರು ಇರುವುದು ಹೊಳೆಯ ಈಚೆ. ನಡುವೆ ಕಪಿಲೆ ಹರಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ನನ್ನಂಥವನೊಬ್ಬ ಬೇಕಾಗಿದ್ದ. ಹೊಳೆ ಇಲ್ಲದಿದ್ದರೆ ಆಚೆಯವರೇ ತಲೆಯ ಮೇಲೆ ಹೊತ್ತು ತಂದು ಸಂತೆಯಲ್ಲಿ ಮಾರಿಕೊಂಡು ಹೋಗುತ್ತಿದ್ದರು. ಗಂಗಾಧರಪ್ಪನ ಮಂಡಿ ಅವನ ಬುದ್ಧಿಯಿಂದ ನಡೆಯುತ್ತದೆ ಎಂದು ಪೇಟೆಯವರು ಹೇಳುವುದುಂಟು. ನಾನೂ ಇಲ್ಲವೆನ್ನುತ್ತಿರಲಿಲ್ಲ. ನಡೆಸುತ್ತಿದ್ದದ್ದು ಸಣ್ಣಬೀರಯ್ಯನ ತೋಳು.

ಸಣ್ಣಬೀರಯ್ಯ ಈಚೆ ದಡದ ಕಡವಿನಹುಂಡಿಯ ಅಂಬಿಗ. ಹೆಸರಿನಲ್ಲಿ ಸಣ್ಣ ಇದ್ದರೂ ನನ್ನ ಮಂಡಿಯ ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಳು. ವಯಸ್ಸು ಐವತ್ತರ ಹತ್ತಿರ. ಪ್ರತಿ ವರ್ಷ ಬೇಸಿಗೆಯಲ್ಲಿ ಕಾಡಿನಿಂದ ಬಿದಿರು ತಂದು ಸೀಳಿ, ಹೆಣೆದು, ಎಮ್ಮೆಯ ಚರ್ಮ ಹೊದಿಸಿ, ಎಣ್ಣೆ ಕುಡಿಸಿ ಹೊಸ ಹರಿಗೋಲು ಕಟ್ಟುತ್ತಿದ್ದ. ಕಾಲಿಡುವವರನ್ನೆಲ್ಲ ಕಣ್ಣಿನಲ್ಲೇ ತೂಗಿ ಎಲ್ಲಿ ಕೂರಬೇಕೆಂದು ಹೇಳುತ್ತಿದ್ದ. ನನ್ನ ತಕ್ಕಡಿಗಿಂತ ಆ ಕಣ್ಣು ನಿಜ. ನನ್ನ ತಕ್ಕಡಿಯ ವಿಷಯ ನನಗೆ ಗೊತ್ತಲ್ಲ.

"ಸಾವ್ಕಾರ್ರೆ, ನೀವು ನಡುಮಧ್ಯ ಕೂತ್ಕಳಿ."

"ನಾನೇನು ಅಷ್ಟು ದಪ್ಪವೇನಯ್ಯಾ?"

"ದಪ್ಪ ಅಂದ್ನಾ? ಬೆಲೆ ಬಾಳೋ ಸಾಮಾನ ನಡುವೆ ಮಡಗ್ತರೆ ಅಂದೆ."

ಆ ಕಡವಿನಲ್ಲಿ ಎರಡು ಹರಿಗೋಲು. ಈಚೆಯದು ಇವನದು. ಆಚೆ ದಡದ ಹುಣಸೆಮಾಳದಲ್ಲಿ ಇದ್ದದ್ದು ಸಣ್ಣಯ್ಯನದು. ಸಣ್ಣಯ್ಯ ಬೇರೆಯವನಲ್ಲ, ಇವನ ತಂಗಿ ಚಿಕ್ಕಸಿದ್ದಮ್ಮನ ಗಂಡ. ಎರಡು ಮನೆಗಳ ನಡುವೆ ತಾತಂದಿರ ಕಾಲದಿಂದ ಒಂದು ಕಟ್ಟು ಇತ್ತು. ಈಚೆ ದಡದಲ್ಲಿ ಹತ್ತುವವರು ಸಣ್ಣಬೀರಯ್ಯನ ಮನೆಗೆ, ಆಚೆ ದಡದಲ್ಲಿ ಹತ್ತುವವರು ಸಣ್ಣಯ್ಯನ ಮನೆಗೆ. ಇವನು ಜನ ತುಂಬಿಕೊಂಡು ಹೋಗಿ ಆಚೆ ಇಳಿಸಿದರೆ, ಅಲ್ಲಿ ಹತ್ತು ಜನ ಕಾದು ನಿಂತಿದ್ದರೂ ಖಾಲಿ ಹರಿಗೋಲು ತಿರುಗಿಸಿಕೊಂಡು ಬರುತ್ತಿದ್ದ. ಅವನೂ ಹಾಗೆಯೇ. ಸುಗ್ಗಿಯಲ್ಲಿ ಎರಡೂ ದಡದ ಕಣಗಳಲ್ಲಿ ಪ್ರತಿ ಮನೆಯವರೂ ಇವನಿಗೊಂದು ಮೊರ ರಾಗಿ, ಅವನಿಗೊಂದು ಮೊರ ರಾಗಿ ಕೊಡುತ್ತಿದ್ದರು. ಹೋಗುವುದಕ್ಕೊಂದು, ಬರುವುದಕ್ಕೊಂದು. ಮಿಕ್ಕಂತೆ ವರ್ಷವಿಡೀ ಯಾರೂ ಕೈಗೆ ಕಾಸು ಹಾಕುತ್ತಿರಲಿಲ್ಲ.

ನಾನು ವ್ಯಾಪಾರದವನು. ಖಾಲಿ ಗಾಡಿ ಓಡುವುದನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಎಷ್ಟೋ ಸಲ ರೇಗಿಸಿದ್ದೇನೆ.

"ಅಲ್ಲಯ್ಯಾ, ಬರೋವಾಗ ನೀನು ಖಾಲಿ, ಹೋಗೋವಾಗ ಅವನು ಖಾಲಿ. ಇಬ್ಬರೂ ಅರ್ಧ ಆಯಸ್ಸು ನೀರಿಗೆ ಸುಮ್ಮನೆ ಹುಟ್ಟು ಹಾಕ್ತೀರಲ್ಲ."

"ಸುಮ್ಕೆ ಯಾಕೆ? ಓಗೋವಾಗ ನಿಮ್ಮ ಮಾತು ಕೇಳ್ತೀನಿ. ಬರೋವಾಗ ಒಸಿ ನೆಮ್ಮದಿಯಾಗಿ ಬತ್ತೀನಿ."

ನಡುಹೊಳೆಯಲ್ಲಿ ಎರಡು ಹರಿಗೋಲೂ ಎದುರಾದರೆ ಇಬ್ಬರೂ ಹುಟ್ಟು ನಿಲ್ಲಿಸಿ, ಒಬ್ಬರ ಹರಿಗೋಲಿನ ಅಂಚು ಒಬ್ಬರು ಹಿಡಿದುಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗೆ ಕೂತವರು ಸಂತೆಗೆ ಹೊತ್ತಾಯಿತೆಂದು ಬೈದರೆ "ವೊಳೆ ಎಲ್ಲೂ ಓಡೋಗಾಕಿಲ್ಲ ಬುಡಿ" ಎನ್ನುತ್ತಿದ್ದರು. ಚಿಕ್ಕಸಿದ್ದಮ್ಮ ತವರಿಗೆ ಬರುವಾಗ ಗಂಡನ ಹರಿಗೋಲಲ್ಲಿ ಬರುವಳು, ಮರಳಿ ಹೋಗುವಾಗ ಅಣ್ಣನ ಹರಿಗೋಲಲ್ಲಿ ಹೋಗುವಳು. "ಗಂಡ ತಂದು ಇಲ್ಲಿ ಬುಡ್ತಾನೆ, ಅಣ್ಣ ಒಯ್ದು ಅಲ್ಲಿ ಬುಡ್ತಾನೆ. ನನ್ನ ಇಟ್ಕಳ್ಳೋಕೆ ಇಬ್ರಿಗೂ ಇಷ್ಟಿಲ್ಲ" ಎಂದು ಹರಿಗೋಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದಳು.

ಐವತ್ತೈದನೇ ಇಸವಿಯ ಮಳೆಗಾಲದಲ್ಲಿ ಮೇಲುಹೊಳೆಯ ಯಾವುದೋ ಕಡವಿನಲ್ಲಿ ಮದುವೆ ದಿಬ್ಬಣದ ಹರಿಗೋಲು ಮಗುಚಿ ಏಳು ಜನ ಹೋದರು. ಅದಾದ ಮೇಲೆ ಜಿಲ್ಲಾ ಬೋರ್ಡಿನವರು ಕಡವುಗಳಿಗೆಲ್ಲ ಕಾನೂನು ಮಾಡಿದರು. ಒಂದು ಬಾರಿಗೆ ಎಂಟೇ ಜನ. ಹೊತ್ತು ಮುಳುಗಿದ ಮೇಲೆ ಹರಿಗೋಲು ಇಳಿಸಕೂಡದು. ನೀರು ಗುರುತಿನ ಕಲ್ಲು ದಾಟಿದರೆ ನಿಲ್ಲಿಸಬೇಕು. ದಾಟುವವರು ತಲೆಗೆ ಅರ್ಧಾಣೆ ಕೊಡಬೇಕು. ಇಷ್ಟೂ ನ್ಯಾಯವಾಗಿಯೇ ಇತ್ತು, ತಪ್ಪು ಹೇಳಲಾರೆ. ಕೊನೆಗೆ ಇನ್ನೊಂದು ಸಾಲು ಇತ್ತು: ಒಂದು ಕಡವಿಗೆ ಒಂದೇ ಲೈಸೆನ್ಸು, ಒಂದೇ ಹೆಸರು, ಒಂದೇ ಹರಿಗೋಲು.

ಅದನ್ನು ಓದಿ ಹೇಳಲು ಬಂದವರು ಕಡವುಗಳ ಓವರ್‌ಸಿಯರ್ ವೀರಭದ್ರಸ್ವಾಮಿ. ಸೈಕಲ್ಲಿನಲ್ಲಿ ಕೊಡೆ ಕಟ್ಟಿಕೊಂಡು ಬರುವ, ಯಾರ ಮನೆಯಲ್ಲೂ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ. ಲಂಚ ತಿನ್ನುವವರಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಮಾರನೇ ದಿನ ಭಾವ ಭಾವಮೈದ ಇಬ್ಬರೂ ಮಂಡಿಗೆ ಬಂದು ಮೂಟೆಗಳ ಮೇಲೆ ಕೂತರು. ಅರ್ಜಿ ಬರೆಯುವುದಕ್ಕೆ ಆ ಸುತ್ತಿನಲ್ಲಿ ನಾನೇ ಗತಿ.

"ಇಬ್ರ ಎಸ್ರೂ ಬರ್ದುಬುಡಿ ಸಾವ್ಕಾರ್ರೆ" ಅಂದ ಸಣ್ಣಬೀರಯ್ಯ.

"ಒಂದೇ ಹೆಸರು ಅಂದಿಲ್ಲವೇನಯ್ಯಾ? ಯಾರದು ಬರೀಲಿ?"

"ಬಾವಂದು ಬರೀರಿ."

"ಊ, ನನ್ನ ಎಸ್ರ್ಯಾಕೆ? ದೊಡ್ಡೋನು ಅವನು. ಅವಂದು ಬರೀರಿ" ಅಂದ ಸಣ್ಣಯ್ಯ.

ಹೀಗೆ ನಾಲ್ಕು ಸಲ ಹೆಸರು ಅತ್ತಿಂದಿತ್ತ ಹೋಗಿ ಬಂತು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು. ನಾನೇ ಸಣ್ಣಬೀರಯ್ಯನ ಹೆಸರು ಬರೆದೆ. ವಯಸ್ಸಿನಲ್ಲಿ ಹಿರಿಯ ಎಂದು ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿದ್ದದ್ದು, ನನ್ನ ದಡದವನು ಎಂದು.

ಸಣ್ಣಯ್ಯ ಕಾಗದವನ್ನೇ ನೋಡುತ್ತಿದ್ದವನು ಕೇಳಿದ: "ಆಮೇಕೆ ನಾನು?"

"ಬರೀ ಕಾಗದ ಕಣಯ್ಯಾ. ಕಾಗದ ಅವರ ಕಚೇರಿಯಲ್ಲಿರುತ್ತೆ, ಹೊಳೆ ಇಲ್ಲಿರುತ್ತೆ. ಯಾವಾಗಿನ ಹಾಗೆ ಇಬ್ಬರೂ ದಾಟಿಸ್ಕೊಂಡಿರಿ."

ಅವನು ತಲೆಯಾಡಿಸಿದ. ಸಣ್ಣಬೀರಯ್ಯ ಹೆಬ್ಬೆಟ್ಟು ಒತ್ತಿದ. ಒತ್ತಿದ ಬೆರಳನ್ನು ನನ್ನ ಸೀಗೇಕಾಯಿ ಮೂಟೆಗೇ ಒರೆಸಿದ.

ತಿಂಗಳೊಪ್ಪತ್ತಿನಲ್ಲಿ ಲೈಸೆನ್ಸು ಬಂತು. ಜೊತೆಗೆ ನಂಬರು ಕೊರೆದ ತಗಡಿನ ಬಿಲ್ಲೆಯೊಂದು ಬಂತು, ಹರಿಗೋಲಿಗೆ ಮೊಳೆ ಹೊಡೆದು ಕೂರಿಸಬೇಕೆಂದು. ಸಣ್ಣಬೀರಯ್ಯ ಓವರ್‌ಸಿಯರನ್ನು ಪಾಪ ಎನ್ನುವ ಹಾಗೆ ನೋಡಿದ.

"ಚರ್ಮಕ್ಕೆ ಮೊಳೆ ಒಡೆದ್ರೆ ನಂಬ್ರು ನೀರಲ್ಲಿ ಮುಳುಗ್ತದೆ ಸ್ವಾಮಿ, ಜನಾನೂ ಕರ್ಕಂಡು."

ಕೊನೆಗೆ ಬಿಲ್ಲೆಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹುಟ್ಟು ಹಾಕುವಾಗಲೆಲ್ಲ ಅದು ಸೊಂಟಕ್ಕೆ ಬಡಿದು ಸದ್ದಾಗುತ್ತಿತ್ತು. ಹೆಂಗಸರು ನಗುತ್ತಿದ್ದರು.

ಆ ನಗು ಎಂಟು ದಿನ ಇದ್ದೀತು. ವೀರಭದ್ರಸ್ವಾಮಿ ಮತ್ತೆ ಬಂದಾಗ ಹೊಳೆಯಲ್ಲಿ ಎರಡು ಹರಿಗೋಲು ಕಂಡರು. ಸಣ್ಣಯ್ಯನ ಹರಿಗೋಲನ್ನು ದಡಕ್ಕೆ ಎಳೆಸಿದರು. ಇನ್ನು ನೀರಿಗಿಳಿದರೆ ಜಪ್ತಿ ಎಂದರು. ಎರಡೂ ದಡದಿಂದ ಹತ್ತಿಸಿಕೊಳ್ಳಬೇಕಾದವನು ಲೈಸೆನ್ಸುದಾರನೇ ಎಂದು ಸಣ್ಣಬೀರಯ್ಯನಿಗೆ ತಾಕೀತು ಮಾಡಿ ಹೋದರು. ಸಣ್ಣಯ್ಯ ಎದುರಾಡಲಿಲ್ಲ. ಹರಿಗೋಲನ್ನು ದಡದ ಹೊಂಗೆ ಮರದಡಿ ಬೋರಲು ಹಾಕಿದ. ಎಣ್ಣೆ ಹಚ್ಚಲು ಹೋಗಲಿಲ್ಲ. ದಿನವೂ ಬಂದು ಅದರ ಪಕ್ಕ ಕೂರುತ್ತಿದ್ದ, ಅಷ್ಟೇ.

ಸಣ್ಣಬೀರಯ್ಯ ನನ್ನ ಬಳಿ ಬಂದ. ಈ ಸಲ ಮೂಟೆಯ ಮೇಲೆ ಕೂರಲಿಲ್ಲ.

"ಎಸ್ರು ಬದಲಾಯ್ಸಿ. ಬಾವಂದು ಮಾಡಿ. ನಾನ್ ಸುಮ್ಕಿರ್ತೀನಿ."

ಅವನನ್ನು ಕಟ್ಟಿಕೊಂಡು ಕಚೇರಿಗೆ ಹೋದೆ. ವರ್ಷ ತುಂಬುವವರೆಗೆ ಹೆಸರು ಬದಲಾಗದು ಎಂದರು. ನನ್ನ ತಲೆ ಸುಮ್ಮನಿರುವ ಪೈಕಿಯಲ್ಲ, ಇನ್ನೊಂದು ಉಪಾಯ ಹುಡುಕಿತು. ಲೈಸೆನ್ಸುದಾರ ಒಬ್ಬ ಆಳನ್ನು ಇಟ್ಟುಕೊಳ್ಳಬಹುದೆಂದು ಕಾನೂನಿನಲ್ಲಿತ್ತು. ಸಣ್ಣಯ್ಯನೇ ಆಳಾಗಲಿ, ಒಂದೇ ಹರಿಗೋಲನ್ನು ಇಬ್ಬರೂ ನಡೆಸಲಿ. ಅದನ್ನು ನಾನೇ ಹುಣಸೆಮಾಳಕ್ಕೆ ಹೋಗಿ ಹೇಳಿದೆ. ಸಣ್ಣಯ್ಯ ಪೂರ್ತಿ ಕೇಳಿ, "ಎಂಡ್ತಿ ಅಣ್ಣನ ಕೈಕೆಳಗೆ ಕೂಲಿ ಮಾಡು ಅಂತೀರಾ" ಅಂದ. ಕೋಪದಲ್ಲಿ ಅಲ್ಲ, ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಕೇಳುವವನ ಹಾಗೆ. ನಾನು ಎದ್ದು ಬಂದೆ.

ಅಲ್ಲಿಂದ ಶುರುವಾಯಿತು. ಸಣ್ಣಬೀರಯ್ಯ ಎಂಟು ಜನರನ್ನು ಕೂರಿಸಿಕೊಂಡು ಆಚೆ ಬಿಡುವನು. ಖಾಲಿ ಬರುವನು. ಆಚೆ ದಡದಿಂದ ಒಂದು ಕೋಳಿಯನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಮೊದಮೊದಲು ಜನ ನಗುತ್ತಿದ್ದರು. ನಮ್ಮ ಕಡವಿನಲ್ಲಿ ಹೋಗುವುದುಂಟು, ಬರುವುದಿಲ್ಲ, ಥೇಟ್ ಯಮನ ದಾರಿ ಎಂದು. ಆಚೆ ಹೋದವರು ಮರಳಿ ಬರಬೇಕಾದರೆ ಮೂರು ಮೈಲಿ ಕೆಳಗಿನ ಕಡವಿಗೆ ನಡೆಯಬೇಕು. ಹಾಗೆ ನಡೆದವರು ನಗುವುದನ್ನು ಬಿಟ್ಟರು. ಆಚೆಯವರು ಬೈದರು, ಕೈಮುಗಿದರು, ಒಬ್ಬ ಗಡವ ಹುಟ್ಟು ಕಿತ್ತುಕೊಳ್ಳಲು ಬಂದ. ಇವನು ನೀರಿನಲ್ಲೇ ಹರಿಗೋಲು ತಿರುಗಿಸಿಕೊಂಡು ಬಂದ.

ಅಷ್ಟರಲ್ಲಿ ನನ್ನ ಹದಿನಾಲ್ಕು ಮೂಟೆ ಸೀಗೇಕಾಯಿ ಆಚೆ ದಡದ ಚಪ್ಪರದಲ್ಲಿ ಸಿಕ್ಕಿಬಿತ್ತು. ಕೆಳಗಿನ ಕಡವಿಗೆ ಗಾಡಿ ಹೋಗುವ ದಾರಿಯಿಲ್ಲ, ಮಳೆ ತಲೆಯ ಮೇಲಿತ್ತು.

"ಮೂಟೆ ನಂದು ಕಣಯ್ಯಾ. ನಾನು ಯಾವ ದಡದವನು? ನಿನ್ನ ದಡದವನು" ಅಂದೆ.

"ಮೂಟೆ ನಿಮ್ದೇಯ. ಕೂತಿರೋ ಜಾಗ ಬಾವಂದು."

"ಅವನ ಹರಿಗೋಲು ಬೋರಲು ಬಿದ್ದಿದೆ. ನೀನು ತರಲ್ಲ, ಅವನು ತರೋ ಹಾಗಿಲ್ಲ. ಸೀಗೇಕಾಯಿ ಈಜಿಕೊಂಡು ಬರುತ್ತಾ?"

ಅವನು ನಗಲಿಲ್ಲ. "ಒಂದೇ ಒಂದ್ ವರ್ಷ ಸಾವ್ಕಾರ್ರೆ. ವರ್ಷ ತುಂಬ್ದೇಟ್ಗೆ ಅವನ ಎಸ್ರಿಗೆ ಮಾಡುಸ್ತೀನಿ. ಅಲ್ಲೀಗಂಟ ಅವನ ದಡ ಎಂಗದೋ ಅಂಗೇ ಇರ್ಲಿ. ಇವತ್ತು ನಿಮ್ಮ ಮೂಟೆ ಎತ್ತುದ್ರೆ ನಾಳೀಕೆ ಮನುಸ್ರು ಹತ್ತುತರೆ. ವರ್ಷ ಕಳೆಯೋ ಒತ್ಗೆ ಆ ದಡದಾಗೆ ಅವನದು ಅನ್ನೋದು ಏನೂ ಉಳ್ಯಾಕಿಲ್ಲ. ಆಮೇಕೆ ಎಸ್ರು ಕೊಟ್ರೆ ಏನ್ ಕೊಟ್ಟಂಗಾಯ್ತು?"

ಅವನ ಪಾಡು ನನಗೆ ಅರ್ಥವಾಗಲಿಲ್ಲ ಎಂದಲ್ಲ. ಲೈಸೆನ್ಸು ಉಳಿಯಬೇಕಾದರೆ ಭಾವನ ದಡ ಕಿತ್ತುಕೊಳ್ಳಬೇಕು. ಭಾವನ ದಡ ಉಳಿಸಿದರೆ ಲೈಸೆನ್ಸು ಹೋಗುತ್ತದೆ, ಇಬ್ಬರ ಅನ್ನವೂ ಹೋಗುತ್ತದೆ. ಅರ್ಥವಾಗಿಯೂ, ಆಚೆ ಊರಿನವರು ಬೋರ್ಡಿಗೆ ದೂರು ಬರೆಸಲು ಬಂದಾಗ ನಾನೇ ಬರೆದೆ. ಒಳ್ಳೆಯ ಅಕ್ಷರದಲ್ಲಿ ಬರೆದೆ. ಮೊದಲ ಸಹಿಯನ್ನೂ ನಾನೇ ಹಾಕಿದೆ. ಸೀಗೇಕಾಯಿ ಒದ್ದೆಯಾದರೆ ಬೂಸಲು ಹಿಡಿಯುತ್ತದೆ, ಬೂಸಲು ಹಿಡಿದದ್ದನ್ನು ಯಾರೂ ಕೊಳ್ಳುವುದಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಅಷ್ಟು.

ಐವತ್ತಾರನೇ ಇಸವಿ ಆಷಾಢ. ಲೈಸೆನ್ಸಿನ ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಹೊಳೆ ಕೆಂಪಗೆ ಏರಿತ್ತು, ಗುರುತಿನ ಕಲ್ಲಿಗೆ ಗೇಣು ಬಾಕಿ. ಆ ಬೆಳಿಗ್ಗೆ ಮೂಟೆಗಳ ಗತಿ ನೋಡಿ ಬರೋಣವೆಂದು ಸಣ್ಣಬೀರಯ್ಯನ ಹರಿಗೋಲಿನಲ್ಲೇ ಆಚೆಗೆ ಹೋದೆ. ಅವನ ಮನೆಯಲ್ಲಿ ತಾಯಿ ಮಗ ಇಬ್ಬರೇ; ತಾಯಿಗೆ ಮೂರು ದಿನದಿಂದ ಜ್ವರ ಎಂದು ದಾರಿಯಲ್ಲಿ ಹೇಳಿದ. ಮುದುಕಿಯ ಹೆಸರು ಎಲ್ಲರಿಗೂ ಮರೆತುಹೋಗಿತ್ತು, ಎರಡೂ ದಡಕ್ಕೆ ಅವಳು ಅಂಬಿಗರಜ್ಜಿ.

ಮೂಟೆಗಳಿಗೆ ಆಗಬೇಕಾದದ್ದು ಆಗಿತ್ತು. ಮೂರು ಮೈಲಿ ನಡೆಯಲು ಮನಸ್ಸು ಗಟ್ಟಿ ಮಾಡಿಕೊಂಡು ದಡಕ್ಕೆ ಬಂದರೆ ಸಣ್ಣಬೀರಯ್ಯನ ಹರಿಗೋಲು ಮತ್ತೆ ಆಚೆಗೇ ಬರುತ್ತಿತ್ತು. ಒಳಗೆ ಒಬ್ಬರೂ ಇಲ್ಲ. ದಡ ಮುಟ್ಟಿಸದೆ, ಮೊಳಕಾಲುದ್ದ ನೀರಿಗೆ ಇಳಿದು, ಹರಿಗೋಲಿನ ಅಂಚು ಹಿಡಿದು ನಿಂತ.

"ಬಾವ, ಅವ್ವಂಗೆ ಮೇಲುಸ್ರು ಬತ್ತಾ ಅದೆ. ಸಿದ್ದೀನ ಕಳ್ಸು."

ಸಣ್ಣಯ್ಯ ಹೊಂಗೆಯಡಿ ತನ್ನ ಬೋರಲು ಹರಿಗೋಲಿಗೆ ಒರಗಿ ಕೂತಿದ್ದ. "ಕಟ್ಟಾಕಿದ್ದೀನಾ ನಾನು? ಓಗ್ಲಿ" ಅಂದ.

"'ಹತ್ತಿಸ್ಕಳ್ಳಾ' ಅಂತ ನಿನ್ ಬಾಯಲ್ಲಿ ಒಂದ್ ಮಾತು ಅನ್ನು. ಅವಳೊಬ್ಬಳ್ನೇಯ. ಇನ್ಯಾರ್ನೂ ಮುಟ್ಟಾಕಿಲ್ಲ."

"ಲೈಸೆನ್ಸುದಾರ್ರು ನೀವು. ನನ್ನ ಕೇಳೋದೇನದೆ."

ಹೆಂಡತಿಯ ಅಣ್ಣನನ್ನು ಅವನು ನೀವು ಎಂದದ್ದು ಎಂದೂ ನಾನು ಕೇಳಿರಲಿಲ್ಲ. ಸಣ್ಣಬೀರಯ್ಯನಿಗೆ ಬೈಗುಳ ಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದ. ಹರಿಗೋಲಿನ ಅಂಚಿನ ಮೇಲೆ ಅವನ ಕೈ ಜಾರಿತು.

ನಾನು ಬಾಯಿ ಹಾಕಿದೆ. "ಸಣ್ಣಯ್ಯ, ಸಾಯೋ ಮುದುಕಿ ಕಣಯ್ಯಾ. ಒಂದು ಮಾತು ಅಂದರೆ ನಿನ್ನ ಗಂಟೇನು ಹೋಗುತ್ತೆ?"

"ಒಂದ್ ಮಾತ್ಗೆ ಏನೇನ್ ಓಯ್ತದೆ ಅಂತ ನಿಮ್ಗೆ ಗೊತ್ತಲ್ಲ ಸಾವ್ಕಾರ್ರೆ. ಬರೀ ಕಾಗದ ಅಂದ್ರಿ. ನೋಡಿ, ಎಲ್ ಕೂತಿವ್ನಿ."

ಬೆಲೆ ಕಟ್ಟಲು ನನಗೆ ಅಲ್ಲಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಯಾರೋ ಹೋಗಿ ಹೇಳಿ ಚಿಕ್ಕಸಿದ್ದಮ್ಮ ಬಂದಳು. ಮೈಮೇಲೆ ಉಟ್ಟದ್ದೇ, ಕೈಯಲ್ಲಿ ರಾಗಿ ಹಿಟ್ಟಿನ ಪುಡಿ ಇನ್ನೂ ಇತ್ತು. ನೇರ ನೀರಿನ ಅಂಚಿಗೆ ಹೋದಳು. ಸಣ್ಣಬೀರಯ್ಯ ಕೈ ಚಾಚಿದ. ಚಾಚಿದವನು ಮರದ ಕಡೆ ನೋಡಿದ.

"ಇನ್ನೂ ಅಂದಿಲ್ಲ ಕಣವ್ವ ಬಾವ" ಅಂದ.

ಅವಳು ಗಂಡನ ಕಡೆ ತಿರುಗಲಿಲ್ಲ. ಅಣ್ಣನ ಕೈಯನ್ನೂ ಹಿಡಿಯಲಿಲ್ಲ. "ಬ್ಯಾಡ ಬುಡಣ್ಣಯ್ಯ. ಇವತ್ತು ನಾನ್ ಹತ್ತುದ್ರೆ ನಾಳೀಕೆ ಊರೇ ಹತ್ತದೆ. ಗಂಡನ ದಡ ಅಣ್ಣಂಗೆ ಬಿಟ್ಕೊಟ್ಟೋಳು ಸಿದ್ದಿ ಅಂತ ಆಯ್ತದೆ. ನಡ್ಕಂಡು ಬತ್ತೀನಿ, ನೀನು ಅವ್ವನ ತಾವ್ಕೆ ಓಗು."

ಸೀರೆ ಎತ್ತಿ ಸಿಕ್ಕಿಸಿ ಕೆಳಗಿನ ಕಡವಿನ ದಾರಿ ಹಿಡಿದಳು. ದಾರಿಯೆಂದರೆ ಅದೇನು ದಾರಿ, ದಡದುದ್ದಕ್ಕೂ ಕೆಸರು. ಸಣ್ಣಬೀರಯ್ಯ ತಾಯಿಯ ಬಳಿಗೆ ಹೋಗಲಿಲ್ಲ. ಹರಿಗೋಲಿಗೆ ಹಾರಿ ದಡದ ಪಕ್ಕದಲ್ಲೇ ಅವಳ ಜೊತೆ ಜೊತೆಗೆ ಹುಟ್ಟು ಹಾಕುತ್ತ ಹೊರಟ. ಅವಳು ಕಾಲು ಕೀಳಲು ನಿಂತರೆ ಹರಿಗೋಲು ನಿಲ್ಲುವುದು, ನಡೆದರೆ ಹೊರಡುವುದು. ಏರಿದ ಹೊಳೆಯಲ್ಲಿ ಹಾಗೆ ನಿಲ್ಲಿಸುವುದು ಎಂಥ ಕಷ್ಟವೆಂದು ಹರಿಗೋಲು ಹತ್ತಿದವರಿಗೇ ಗೊತ್ತು. ಅಣ್ಣ ತಂಗಿ ನಡುವೆ ಎರಡು ಮಾರು ನೀರು. ಬಿಲ್ಲೆಯ ಸದ್ದು ಮಾತ್ರ ಕೇಳುತ್ತಿತ್ತು.

ಸಣ್ಣಯ್ಯ ಅದನ್ನು ಎಷ್ಟು ಹೊತ್ತು ನೋಡಿದನೋ. ಎದ್ದ. ಬೋರಲು ಹರಿಗೋಲನ್ನು ಬೆನ್ನಿಗೆ ಹಾಕಿಕೊಂಡು ನೀರಿಗೆ ತಂದು ಬಿಟ್ಟ. ಒಂಬತ್ತು ತಿಂಗಳು ಎಣ್ಣೆ ಕಾಣದ ಚರ್ಮ ಹಪ್ಪಳದ ಹಾಗೆ ಕರಕರ ಎಂದಿತು. "ಬಾಮ್ಮಿ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದ. "ಈ ದಡದೋಳ್ನ ಈ ದಡದೋನೇ ದಾಟುಸ್ತಾನೆ. ಜಪ್ತಿ ಮಾಡ್ಕಳ್ಳಿ."

ಅವಳು ತಿರುಗಿ ಓಡಿ ಬಂದು ಹತ್ತಿದಳು. ಸಣ್ಣಬೀರಯ್ಯ ಹಿಂದೆಯೇ ಬಂದ. ನಡುಹೊಳೆ ತಲುಪುವಷ್ಟರಲ್ಲಿ ಸಣ್ಣಯ್ಯನ ಹರಿಗೋಲು ತಗ್ಗಿತ್ತು. ಚಿಕ್ಕಸಿದ್ದಮ್ಮ ಬೊಗಸೆಯಲ್ಲಿ ನೀರು ಎರಚುವುದು ದಡಕ್ಕೆ ಕಾಣುತ್ತಿತ್ತು. ಸಣ್ಣಬೀರಯ್ಯ ಪಕ್ಕಕ್ಕೆ ಬಂದು ಅವರ ಹರಿಗೋಲಿನ ಅಂಚು ಹಿಡಿದ. ನಡುನೀರಿಗೆ ಯಾರ ಕಟ್ಟೂ ಇರಲಿಲ್ಲ. ತಂಗಿಯ ರಟ್ಟೆಗೆ ಕೈಹಾಕಿ ತನ್ನ ಹರಿಗೋಲಿಗೆ ಎಳೆದುಕೊಂಡ. ಭಾವ ಭಾವಮೈದ ಮುಖ ನೋಡಿಕೊಂಡರೋ ಇಲ್ಲವೋ ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ. ಅಣ್ಣ ತಂಗಿ ಕಡವಿನಹುಂಡಿಯ ಕಡೆ ಹೋದರು. ಸಣ್ಣಯ್ಯ ಮುಳುಗುತ್ತಿರುವ ಹರಿಗೋಲನ್ನು ತಿರುಗಿಸಿ, ಕೊನೆಯ ಇಪ್ಪತ್ತು ಮಾರು ಈಜಿಕೊಂಡು ಎಳೆದು ತಂದ. ಹೊಲಿಗೆಯುದ್ದಕ್ಕೂ ಚರ್ಮ ಬಿಟ್ಟುಹೋಗಿತ್ತು.

ನಾನು ಮೂರು ಮೈಲಿ ನಡೆದು, ಕೆಳಗಿನ ಕಡವು ದಾಟಿ ಕಡವಿನಹುಂಡಿ ಸೇರುವಾಗ ದನ ಮನೆಗೆ ಬರುವ ಹೊತ್ತು. ಮನೆಯ ಮುಂದೆ ಜನ ನಿಂತಿದ್ದರು. ಅಣ್ಣ ತಂಗಿ ಬಾಗಿಲಿಗೆ ಬರುವುದಕ್ಕೆ ಮುಂಚೆಯೇ ಮುದುಕಿ ಹೋಗಿಬಿಟ್ಟಿದ್ದಳು. ಬೆಳಗಿನಿಂದ ಮಗಳ ಹೆಸರು ಹಿಡಿದು ಕರೆಯಲಿಲ್ಲವಂತೆ. "ಆ ದಡದ ಅರ್ಗೋಲು ಬಂತಾ?" ಎಂದು ಕೇಳುತ್ತಿದ್ದಳಂತೆ. ಅದು ಬಂದರೆ ಮಗಳು ಬಂದಳೆಂದೇ ಅಲ್ಲವೇ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿ, ಇಲ್ಲ ಅಜ್ಜಿ, ಇನ್ನೂ ಇಲ್ಲ ಎನ್ನುತ್ತಿದ್ದರಂತೆ. ದಡದಲ್ಲಿ ನಾವು ಮಾತು ಜಗ್ಗಾಡಿದ ಹೊತ್ತು ಅರ್ಧ ಘಳಿಗೆಯೋ ಒಂದು ಘಳಿಗೆಯೋ, ಅಷ್ಟೇ.

ಸಣ್ಣಯ್ಯ ಮಾರನೇ ದಿನ ಕೆಳಗಿನ ಕಡವಿನಿಂದಲೇ ಬಂದ. ಅತ್ತೆಯನ್ನು ಮಣ್ಣು ಮಾಡಿ ಆಗಿತ್ತು. ಗುಂಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಹೆಂಡತಿಯನ್ನು ಕರೆದುಕೊಂಡು, ಬಂದ ದಾರಿಯಲ್ಲೇ ಹೋದ. ಸಣ್ಣಬೀರಯ್ಯ ಹೊಳೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟ. ತಂಗಿಯನ್ನು ಆಚೆ ಬಿಡುವುದು ಅವನದೇ ಹಕ್ಕು. ಯಾರೂ ಅವನನ್ನು ಕೂಗಲಿಲ್ಲ. ಅಲ್ಲೇ ನಿಂತ.

ಹದಿನೈದು ದಿನಕ್ಕೆ ನನ್ನ ಒಳ್ಳೆಯ ಅಕ್ಷರದ ದೂರು ಹಿಡಿದುಕೊಂಡು ವೀರಭದ್ರಸ್ವಾಮಿ ಬಂದರು. ಅಷ್ಟರಲ್ಲಿ ಎರಡೂ ಊರಿನವರ ಮನಸ್ಸು ಕರಗಿತ್ತು. ದೂರಿಗೆ ಹೆಬ್ಬೆಟ್ಟು ಒತ್ತಿದವರೇ, ಅವನು ಯಾರನ್ನೂ ಬಿಟ್ಟು ಹೋಗಿಲ್ಲ ಎಂದು ಹೇಳಲು ಸಾಲಾಗಿ ನಿಂತಿದ್ದರು. ನಾನೂ ಹೋಗಿದ್ದೆ. ತಪ್ಪು ತಿಳಿವಳಿಕೆಯಿಂದ ಬರೆದದ್ದೆಂದು ಇನ್ನೊಂದು ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ವೀರಭದ್ರಸ್ವಾಮಿಗೂ ಎಲ್ಲ ತಿಳಿದಿತ್ತು. ಸೈಕಲ್ಲು ನಿಲ್ಲಿಸಿ, ಅವನ ಮುಖ ನೋಡದೆ ಕೇಳಿದರು: "ಆಚೆ ದಡದವರನ್ನ ಹತ್ತಿಸಿಕೊಂಡಿಲ್ಲ ಅಂತ ದೂರು. ನೀರು ಜಾಸ್ತಿ ಇತ್ತು, ಅದಕ್ಕೆ ಆಗಲಿಲ್ಲ, ಅಲ್ಲವೇನಯ್ಯಾ?"

ಕೇಳಿದ ರೀತಿಯಲ್ಲೇ ಉತ್ತರ ಇಟ್ಟುಕೊಟ್ಟಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ನೀರು ಯಾವಾಗ್ಲೂ ಇರ್ತದೆ ಸ್ವಾಮಿ. ನಾನೇ ಹತ್ತಿಸ್ಕಳ್ಳಿಲ್ಲ."

"ಹೋಗಲಿ. ಇನ್ನು ಮುಂದೆ ಹತ್ತಿಸ್ಕೊಳ್ತೀಯ ತಾನೆ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಹಿಂದಿನಿಂದ ಅವನ ಬೆನ್ನು ತಿವಿದೆ. ಅವನು ಆಚೆ ದಡ ನೋಡಿದ. ಹೊಂಗೆ ಮರದಡಿ ಯಾರೂ ಕೂತಿರಲಿಲ್ಲ.

"ಅವ್ವನ್ನ ಅದ್ಕೇ ಕಳ್ಕಂಡ್ವಿ" ಅಂದ. "ಈಗ ಹತ್ತಿಸ್ಕಂಡ್ರೆ, ಅವತ್ತೇ ಹತ್ತಿಸ್ಕಬೌದಾಗಿತ್ತಲ್ಲ ಸ್ವಾಮಿ."

ಉಡಿದಾರದಿಂದ ಬಿಲ್ಲೆ ಬಿಚ್ಚಿ ಅವರ ಸೈಕಲ್ಲಿನ ಮೇಲಿಟ್ಟ. ವೀರಭದ್ರಸ್ವಾಮಿ ಊರವರು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೋದರು. ನನ್ನ ಜೇಬಿನ ಕಾಗದವನ್ನು ಯಾರೂ ಕೇಳಲಿಲ್ಲ.

ಕಡವು ಹರಾಜಾಗಿ ಸರಗೂರಿನ ಕಡೆಯ ಒಬ್ಬ ಕಂತ್ರಾಟುದಾರನಿಗೆ ಹೋಯಿತು. ಅವನು ಹಲಗೆಯ ದೋಣಿ ತಂದ. ಎರಡೂ ದಡದಲ್ಲಿ ಎಂಟೆಂಟು ಜನ ಹತ್ತಿ ಇಳಿಯುತ್ತಾರೆ. ದೋಣಿ ಎಂದೂ ಖಾಲಿ ಬರುವುದಿಲ್ಲ. ನನ್ನ ಮೂಟೆಗಳು ಹೊತ್ತಿಗೆ ಸರಿಯಾಗಿ ಬರುತ್ತವೆ. ನಾನು ದೂರಿನಲ್ಲಿ ಕೇಳಿದ್ದೆಲ್ಲ ಸಿಕ್ಕಿತು.

ಸಣ್ಣಬೀರಯ್ಯ ತನ್ನ ಹರಿಗೋಲು ಬಿಚ್ಚಿ ಬಿದಿರನ್ನು ಒಲೆಗೆ ಹಾಕಿದ. ವೀರನಹೊಸಹಳ್ಳಿಯ ಆಚೆ ಕಾಡಿನಲ್ಲಿ ಬಿದಿರು ಕಡಿಯುವ ಕೂಲಿಗೆ ಹೋದ. ಹೊಳೆಯವನಿಗೆ ಆ ಕಾಡಿನ ಚಳಿಜ್ವರ ಗೊತ್ತಿರಲಿಲ್ಲ. ಐವತ್ತೇಳನೇ ಇಸವಿ ಬೇಸಿಗೆಯಲ್ಲಿ ಅಲ್ಲೇ ತೀರಿಕೊಂಡ. ಜೊತೆಯಲ್ಲಿದ್ದ ಕೂಲಿಯವರು ಅಲ್ಲೇ ಮಣ್ಣು ಮಾಡಿ, ನಾಲ್ಕು ದಿನದ ಮೇಲೆ ಸಂತೆಗೆ ಬಂದಾಗ ನನ್ನ ಮಂಡಿಯಲ್ಲಿ ಹೇಳಿದರು. ಬೇರೆ ಯಾರಿಗೆ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲವಂತೆ.

ಹುಣಸೆಮಾಳಕ್ಕೆ ನಾನೇ ಹೋದೆ. ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿದ್ದರು. ಹೇಳಿದೆ. ಸಣ್ಣಯ್ಯ ಎದ್ದು, ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು ಸೂತಕದ ಸ್ನಾನಕ್ಕೆ ಹೊಳೆಯ ಕಡೆ ನಡೆದ. ಚಿಕ್ಕಸಿದ್ದಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಅಲ್ಲಿ ಹೊಳೆ ಅದಾ ಸಾವ್ಕಾರ್ರೆ?"

ಕೂಲಿಯವರು ಹೇಳಿದ್ದು ಒಣಗಿದ ಹಳ್ಳವೊಂದರ ಪಕ್ಕ ಎಂದು.

"ಇದೆ ಕಣಮ್ಮ" ಅಂದೆ.

"ದೊಡ್ಡದಾ?"

"ದೊಡ್ಡದೇ."

"ಅಲ್ಲಿ ದಾಟ್ಸೋರು ಯಾರವ್ರೆ?"

ನಾನು ಎದ್ದೆ. ಕಡವಿಗೆ ಬಂದಾಗ ಕಂತ್ರಾಟುದಾರನ ಆಳು ಇನ್ನೊಬ್ಬರಿಗೆ ಜಾಗವಿದೆ ಎಂದು ಕೂಗುತ್ತಿದ್ದ. ಸಣ್ಣಯ್ಯ ಕತ್ತಿನವರೆಗೆ ನೀರಿನಲ್ಲಿ ನಿಂತಿದ್ದ. ದೋಣಿಯ ಅಲೆ ಬಂದು ಮುಖಕ್ಕೆ ಬಡಿದರೂ ಅತ್ತಿತ್ತ ಸರಿಯಲಿಲ್ಲ. ಮಿಂದು ಆಗಿದ್ದರೆ ಮೇಲೆ ಬಾರಯ್ಯಾ ಎಂದು ಕೂಗಿದೆ. ಅವನಿಗೆ ಕೇಳಿಸಿತೋ ಇಲ್ಲವೋ. ನಾನು ಅರ್ಧಾಣೆ ಕೊಟ್ಟು ದೋಣಿ ಹತ್ತಿದೆ.